ಸೈಟ್ ನೋಡೋಕೆ ಭಾನುವಾರ ಹೋಗಬೇಡಿ

(ಹೊಸದಾಗಿ ಸಂಸಾರ ಹೂಡಿದವರಿಗಾಗಿ ಬಡಾವಣೆಯ ವಾಚನಾಲಯವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸೈಟೋ ಮನೆಯೋ ಹುಡುಕುತ್ತಿರುವವರು ಕೈ ಎತ್ತಿ ಅಂದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಅದರಲ್ಲಿ ಭಾನುವಾರ ಬಿಟ್ಟು ಬೇರೆ ದಿನ ಹೋಗಿ ನೋಡಿದವರು ಮಾತ್ರ ಕೈ ಇಳಿಸಬೇಡಿ ಅಂದೆ. ಈಗ ಮೂಲೆಯಲ್ಲಿ ಒಬ್ಬರ ಕೈ ಮಾತ್ರ ಉಳಿದಿದೆ. ಅವರು ಯಾವುದೋ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಪಾಳಿಯ ಕೆಲಸದಲ್ಲಿರಬೇಕು, ವಾರದ ರಜೆ ಬೇರೆ ದಿನ ಇರಬೇಕು. ಹೌದಂತೆ, ನೋಡಿ.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಬೆಂಗಳೂರಿನ ಸುತ್ತ ಯಾವ ಊರೂ ದೂರವಲ್ಲ. ಬ್ರೋಕರ್ ಕಾರು ತರುತ್ತಾನೆ, ಬಿಡದಿ ಕಡೆಯಾದರೆ ದಾರಿಯಲ್ಲಿ ತಟ್ಟೆ ಇಡ್ಲಿ ಕೊಡಿಸುತ್ತಾನೆ, ‘ಇಲ್ಲೇ ಸಾರ್, ನಲವತ್ತು ನಿಮಿಷ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಭಾನುವಾರ ಅದು ನಲವತ್ತು ನಿಮಿಷವೇ. ನಾನೂ ಹಾಗೇ ಹೋದವನು.

ನಾನು 27 ವರ್ಷ ಬ್ಯಾಂಕಿನಲ್ಲಿದ್ದೆ. ಕೊನೆಯ ಒಂಬತ್ತು ವರ್ಷ ಮನೆ ಸಾಲದ ಕಡತಗಳೇ ನನ್ನ ಅನ್ನ. ಅಷ್ಟಾಗಿಯೂ ನನ್ನ ಸ್ವಂತ ಮನೆ ವಿಷಯದಲ್ಲಿ ಎಡವಿದೆ. 2008ರಲ್ಲಿ ಚಂದಾಪುರದಿಂದ ಆನೇಕಲ್‌ಗೆ ಹೋಗುವ ರಸ್ತೆಯ ಒಳಗೆ ಒಂದು ಮೂವತ್ತು-ನಲವತ್ತು ಸೈಟ್ ತೆಗೆದುಕೊಂಡೆ. ಲೇಔಟಿನ ಹೆಸರು ಬೇಡ, ಅದರ ಮಾಲೀಕರು ಈಗ ಎಲ್ಲಿದ್ದಾರೋ. ಬಣ್ಣದ ಬ್ರೋಷರಿನಲ್ಲಿ ಪಾರ್ಕು, ಶಾಲೆ, ನೀರಿನ ಟ್ಯಾಂಕು ಎಲ್ಲ ಇದ್ದವು. ಶಾಲೆ ಅಂತ ಗುರುತು ಹಾಕಿದ್ದು ಸಿ.ಎ. ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ. 2010ರಲ್ಲಿ ಮನೆ ಕಟ್ಟಿಕೊಂಡು ಹೋದಾಗ ಅದರಲ್ಲಿ ಪಕ್ಕದ ಊರಿನ ಎರಡು ಟ್ರ್ಯಾಕ್ಟರ್ ನಿಲ್ಲುತ್ತಿದ್ದವು. ಇವತ್ತಿಗೂ ನಿಲ್ಲುತ್ತವೆ. ಟ್ರ್ಯಾಕ್ಟರ್ ಬದಲಾಗಿದೆ, ಅಷ್ಟೇ.

ನನ್ನ ಮಗಳಿಗೆ ಆಗ ಮೂರು ವರ್ಷ. ಇನ್ನೂರು ಚಿಲ್ಲರೆ ಸೈಟಿನ ಲೇಔಟಿನಲ್ಲಿ ನಮ್ಮದೂ ಸೇರಿ ನಾಲ್ಕು ಮನೆ. ಮಿಕ್ಕಿದ್ದೆಲ್ಲ ಲಂಟಾನ ಪೊದೆ, ನಡುನಡುವೆ ಸೈಟಿನ ನಂಬರ್ ಬರೆದ ಕಲ್ಲುಗಳು. ಅವಳು ಅಂಕಿ ಕಲಿತಿದ್ದು ಆ ಕಲ್ಲುಗಳಿಂದ. ಮೂರು ಗಾಲಿಯ ಸೈಕಲ್ ತುಳಿದುಕೊಂಡು ಹೋಗಿ ಒಂದೊಂದು ಕಲ್ಲಿನ ಹತ್ತಿರ ನಿಂತು ಓದುತ್ತಿದ್ದಳು, ‘ನಲವತ್ತೊಂದು, ನಲವತ್ತೆರಡು.’ ಆಮೇಲೆ ಅವಕ್ಕೆ ಹೆಸರಿಟ್ಟಳು. ನಲವತ್ತೆಂಟು ಅಂದರೆ ಪದ್ಮ, ಐವತ್ತು ಅಂದರೆ ಸುಮ. ‘ಇವತ್ತು ಪದ್ಮಂಗೆ ಜ್ವರ’ ಅಂತ ಬಂದು ಹೇಳುವಳು. ಮೊದಮೊದಲು ನಾವಿಬ್ಬರೂ ನಗುತ್ತಿದ್ದೆವು. ಒಂದು ದಿನ ನನ್ನಾಕೆ ನಗಲಿಲ್ಲ. ‘ಕಲ್ಲಿನ ಜೊತೆ ಆಡ್ತಾ ಇದೆ ಮಗು, ಗೊತ್ತಾಗ್ತಾ ಇದೆಯಾ ನಿಮಗೆ?’ ಅಂದಳು.

ಸೈಟು ಕೊಳ್ಳುವಾಗ ಖಾತೆ ನೋಡಿದ್ದೆ, ಮೂಲಪತ್ರ ನೋಡಿದ್ದೆ, ಋಣಭಾರ ಪತ್ರ ತೆಗೆಸಿದ್ದೆ. ಆ ಬೀದಿಯಲ್ಲಿ ಎಷ್ಟು ಮನೆಯಲ್ಲಿ ಮಕ್ಕಳ ಚಪ್ಪಲಿ ಇದೆ ಅಂತ ನೋಡಿರಲಿಲ್ಲ. ಈಗ ಯಾರು ಕೇಳಿದರೂ ಮೊದಲು ಅದನ್ನೇ ಹೇಳುತ್ತೇನೆ. ಬಾಗಿಲ ಮುಂದೆ ಸಣ್ಣ ಚಪ್ಪಲಿ, ಕಾಂಪೌಂಡಿಗೆ ಒರಗಿಸಿದ ಸೈಕಲ್, ತಂತಿಯ ಮೇಲೆ ಶಾಲೆಯ ಯೂನಿಫಾರಂ ಇದೆಯಾ ನೋಡಿ. ಹೂಡಿಕೆಗೆ ಅಂತ ಸೈಟು ಮಾಡಿಟ್ಟವರು ಬಡಾವಣೆಗೆ ಬಂದು ಇರುವುದಿಲ್ಲ. ಬೆಲೆ ಏರುತ್ತದೆ, ದೀಪ ಉರಿಯುವುದಿಲ್ಲ.

ಇನ್ನು ‘ಬರುತ್ತೆ’ ಅನ್ನುವ ಮಾತು. ಸುತ್ತಮುತ್ತಲ ಜಾಗ ಮಾರುವವರ ಬಾಯಲ್ಲಿ ಅತಿ ಹೆಚ್ಚು ಬರುವ ಕ್ರಿಯಾಪದ ಅದು. ಮೆಟ್ರೋ ಬರುತ್ತೆ, ಕಾವೇರಿ ಬರುತ್ತೆ, ವರ್ತುಲ ರಸ್ತೆ ಬರುತ್ತೆ. ಅವು ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಬಹಳಷ್ಟು ಬರುತ್ತವೆ. ಯಾವಾಗ ಬರುತ್ತವೆ ಅನ್ನುವುದನ್ನು ಇಸವಿಯಲ್ಲಿ ಅಳೆಯಬೇಡಿ, ನಿಮ್ಮ ಮಗುವಿನ ವಯಸ್ಸಿನಲ್ಲಿ ಅಳೆಯಿರಿ.

ಬೆಂಗಳೂರು ಮೆಟ್ರೋದ ಎರಡನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2014ರ ಜನವರಿಯಲ್ಲಿ. ಅದರ ಭಾಗವಾದ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವುದು, ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಒಪ್ಪಿಗೆ ಸಿಕ್ಕ ವರ್ಷ ಹುಟ್ಟಿದ ಮಗು ರೈಲು ಓಡುವ ಹೊತ್ತಿಗೆ ಆರನೇ ಕ್ಲಾಸು. ನನ್ನ ಮಗಳಿಗೆ ಹದಿನೆಂಟು ತುಂಬಿತ್ತು, ಕಾಲೇಜಿಗೆ ಅದರಲ್ಲೇ ಹೋದಳು. ಅದೂ ಬೊಮ್ಮಸಂದ್ರಕ್ಕೆ ನಿಲ್ಲುತ್ತದೆ, ನಮ್ಮ ಮನೆಯಿಂದ ಅಲ್ಲಿಗೆ ಮತ್ತೆ ಬಸ್ಸೋ ಆಟೋವೋ ಆಗಬೇಕು. ಅಲ್ಲಿಯವರೆಗಿನ ಹದಿನೈದು ವರ್ಷ ನಾನು 356ರ ಬಸ್ಸುಗಳಲ್ಲಿ ಸಿಲ್ಕ್ ಬೋರ್ಡ್ ದಾಟಿಕೊಂಡು ಹೋಗಿಬಂದೆ. ಅವಳ ಬಾಲ್ಯದಲ್ಲಿ ನಾನು ಮನೆ ಸೇರುವಾಗ ಅವಳು ನಿದ್ದೆ ಮಾಡಿರುತ್ತಿದ್ದಳು.

ನೀರಿನ ಲೆಕ್ಕ ಇನ್ನೂ ದೊಡ್ಡದು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗಾಗಿಯೇ ಹಾಕಿಕೊಂಡ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ‘ಪಾಲಿಕೆಗೆ ಸೇರಿತು, ಇನ್ನೇನು ನಲ್ಲಿ ಬಂದ ಹಾಗೇ’ ಅಂತ 2007ರಲ್ಲಿ ಮಗುವನ್ನು ಎತ್ತಿಕೊಂಡು ಹೋದವರ ಮನೆಗೆ ನೀರು ಬರುವ ಹೊತ್ತಿಗೆ ಆ ಮಗು ಪಿಯುಸಿ. ಈಗ ಮತ್ತೆ ಅದೇ ಮಾತು ಕೇಳುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವಲ್ಲ, ಅದರಾಚೆಗಿನ ಹಳ್ಳಿಗಳಲ್ಲಿ ‘ನಾಳೆ ಗ್ರೇಟರ್ ಬೆಂಗಳೂರಿಗೆ ಸೇರುತ್ತೆ’ ಅಂತ ಚದರಡಿಗೆ ಇಷ್ಟು ಅಂತ ಏರಿಸುತ್ತಿದ್ದಾರೆ. ಸೇರಲಿ. ಸೇರುವುದಕ್ಕೂ ಪೈಪು ಬರುವುದಕ್ಕೂ ನಡುವೆ ಒಂದು ಬಾಲ್ಯ ಪೂರ್ತಿ ಹಿಡಿಯುತ್ತದೆ.

ಉಪನಗರ ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಎಷ್ಟು ಚಂದದ ಹೆಸರು! ಶಂಕುಸ್ಥಾಪನೆ 2022ರ ಜೂನ್‌ನಲ್ಲಿ. ನಾನು ಈ ಮಾತು ಆಡುವ ಹೊತ್ತಿಗೆ ಒಂದರಲ್ಲೂ ರೈಲು ಓಡಿಲ್ಲ. ಇರುವ ರೈಲನ್ನು ನಂಬಿ. ತುಮಕೂರು, ರಾಮನಗರ, ಮಾಲೂರು, ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಕೆಲಸಕ್ಕೆ ಬರುವವರು ಸಾವಿರಾರು ಜನ, ಸೀಸನ್ ಪಾಸು ಬಸ್ಸಿಗಿಂತ ಬಹಳ ಅಗ್ಗ. ಆದರೆ ‘ಸ್ಟೇಷನ್ ಹತ್ತಿರ’ ಅಂದ ಮಾತ್ರಕ್ಕೆ ಹಿಗ್ಗಬೇಡಿ. ನೆಲಮಂಗಲದಲ್ಲೂ ಸ್ಟೇಷನ್ ಇದೆ, ಹಾಸನದ ಮಾರ್ಗದಲ್ಲಿ. ನಿಮ್ಮ ಕೆಲಸದ ಹೊತ್ತಿಗೆ ಹೋಗುವ ಗಾಡಿ ಎಷ್ಟು, ಸಂಜೆ ಹಿಂತಿರುಗುವುದು ಎಷ್ಟಕ್ಕೆ, ಅದು ತಪ್ಪಿದರೆ ಮುಂದಿನದು ಯಾವಾಗ, ಇಷ್ಟು ನೋಡಿಕೊಂಡು ಆಮೇಲೆ ಮುಂಗಡ ಕೊಡಿ.

ರೈಲು ಅಂದಾಗ ಕೆಜಿಎಫ್ ನೆನಪಾಗುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಸಂಸಾರಗಳು ರೈಲನ್ನೇ ನೆಚ್ಚಿಕೊಂಡವು. ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ, ಮತ್ತೆ ಕತ್ತಲಾದ ಮೇಲೆ ಮನೆಗೆ. ಹೆಚ್ಚೂಕಡಿಮೆ ನೂರು ಕಿಲೋಮೀಟರು. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಹೀಗೇ ಬರುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ, ಸ್ವಂತ ಊರು, ಸ್ವಂತ ಮನೆ, ವಯಸ್ಸಾದ ತಾಯಿ. ಅವರು ನನಗೆ ಒಮ್ಮೆ ಕೇಳಿದ್ದರು, ‘ನೀವು ದುಡ್ಡು ಕೊಟ್ಟು ಈ ಕಷ್ಟ ಕೊಂಡ್ರಲ್ಲ ಸ್ವಾಮಿ, ಯಾಕೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಅಗ್ಗ ಅಂತ ತಾನೇ ನಾವೆಲ್ಲ ಹೊರಗೆ ಹೋಗುವುದು? ಕಳೆದ ವರ್ಷ ನನ್ನ ಹತ್ತಿರ ಗಂಡ ಹೆಂಡತಿ ಬಂದಿದ್ದರು. ಗಂಡನಿಗೆ ಪೀಣ್ಯದಲ್ಲಿ ಕೆಲಸ, ಅವರಾಕೆ ರಾಜಾಜಿನಗರದ ಕಡೆ ಆಸ್ಪತ್ರೆಯಲ್ಲಿ ನರ್ಸು. ಐದು ವರ್ಷದ ಮಗ. ಎರಡು ಮನೆ ನೋಡಿಟ್ಟಿದ್ದರು. ಒಂದು ನಾಗಸಂದ್ರ ಮೆಟ್ರೋ ಹತ್ತಿರ ಎರಡು ಬೆಡ್‌ರೂಮಿನ ಹಳೆಯ ಫ್ಲಾಟು, ಅವರಿಗೆ ಹೇಳಿದ ಬೆಲೆ 62 ಲಕ್ಷ. ಇನ್ನೊಂದು ನೆಲಮಂಗಲ ದಾಟಿ ಒಳಗೆ, ಸ್ವಂತ ನೆಲದ ಮನೆ, 42 ಲಕ್ಷ. ಇಪ್ಪತ್ತು ಲಕ್ಷ ಅಂತರ. ಯಾರಿಗಾದರೂ ಎರಡನೆಯದೇ ಕಣ್ಣಿಗೆ ಕಾಣುತ್ತದೆ.

ಕಾಗದ ತೆಗೆದು ಕೂತೆವು. ಇಪ್ಪತ್ತು ಲಕ್ಷ ಸಾಲಕ್ಕೆ ಎಂಟೂವರೆ ಪರ್ಸೆಂಟಿನಲ್ಲಿ, ಇಪ್ಪತ್ತು ವರ್ಷಕ್ಕೆ, ತಿಂಗಳ ಕಂತು 17,356 ರೂಪಾಯಿ. ಅಂದರೆ ದೂರ ಹೋದರೆ ತಿಂಗಳಿಗೆ ಅಷ್ಟು ಉಳಿಯಿತು. ಸರಿ. ಈಗ ಹೋಗುವುದು ಎಷ್ಟು? ಅವರಾಕೆಗೆ ಒಂದು ಸ್ಕೂಟರ್ ಬೇಕೇ ಬೇಕು, ಕಂತು ಪೆಟ್ರೋಲು ಸೇರಿ 5,500. ಶಾಲೆಯ ವ್ಯಾನು 2,800. ಮಗನನ್ನು ಇಷ್ಟು ದಿನ ನೋಡಿಕೊಳ್ಳುತ್ತಿದ್ದವರು ದಾಸರಹಳ್ಳಿಯಲ್ಲಿರುವ ಅಜ್ಜಿ. ನೆಲಮಂಗಲದಾಚೆ ಹೋದರೆ ಅಜ್ಜಿ ಬರುವುದಿಲ್ಲ, ಶಾಲೆ ಬಿಟ್ಟ ಮೇಲೆ ಸಂಜೆಯವರೆಗೆ ಯಾರಾದರೂ ನೋಡಿಕೊಳ್ಳಬೇಕು, ಅದಕ್ಕೆ 4,500. ಒಟ್ಟು 12,800. ಉಳಿದಿದ್ದು 4,556. ಇಬ್ಬರಿಗೂ ದಿನಕ್ಕೆ ಎರಡೆರಡು ಗಂಟೆ ಹೆಚ್ಚಿಗೆ ದಾರಿ, ತಿಂಗಳಿಗೆ 25 ದಿನ, ನೂರು ಗಂಟೆ. ಭಾಗಿಸಿ ನೋಡಿ. ಗಂಟೆಗೆ 45 ರೂಪಾಯಿ. ಆ ಹೆಣ್ಣುಮಗಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಎರಡು ಸಲ ನೋಡಿ, ‘ನಮ್ಮ ಆಸ್ಪತ್ರೆಯಲ್ಲಿ ಓವರ್‌ಟೈಮಿಗೇ ಇದಕ್ಕಿಂತ ಜಾಸ್ತಿ ಕೊಡ್ತಾರೆ ಸರ್’ ಅಂದರು.

ಹಾಗಂತ ಹೊರಗಿನ ಊರು ಬೇಡ ಅಂತ ತಿಳಿಯಬೇಡಿ. ಇನ್ನೊಂದು ಮನೆಯವರು ಬಂದಿದ್ದರು, ಗಂಡನ ಕೆಲಸ ಬಿಡದಿಯ ಕಾರ್ಖಾನೆಯಲ್ಲಿ, ಹೆಂಡತಿ ರಾಮನಗರದಲ್ಲೇ ಟೀಚರು. ಬೆಂಗಳೂರಿನ ಅಡ್ರೆಸ್ ಇರಲಿ ಅಂತ ಕೆಂಗೇರಿಯಲ್ಲಿ ದುಬಾರಿ ಬಾಡಿಗೆ ಕಟ್ಟಿಕೊಂಡು ಕೂತಿದ್ದರು. ಅವರಿಗೆ ರಾಮನಗರವೇ ಹತ್ತಿರ, ರಾಮನಗರವೇ ಅಗ್ಗ. ನಮ್ಮಲ್ಲಿ ದೂರವನ್ನು ಮೆಜೆಸ್ಟಿಕ್‌ನಿಂದ ಅಳೆಯುವ ಚಾಳಿ. ನಿಮಗೆ ಮೆಜೆಸ್ಟಿಕ್‌ನಲ್ಲಿ ಏನು ಕೆಲಸ?

ಲೆಕ್ಕಕ್ಕೆ ಇನ್ನೊಂದು ಸೇರಿಸಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ದುಡಿಯುವ ಹೆಂಗಸರಿರುವ ಮನೆಗೆ ಅದು ದೊಡ್ಡ ಮೊತ್ತ. ಹಾಗಾಗಿ ಬಸ್ ನಿಲ್ದಾಣ ಮನೆಯಿಂದ ಎಷ್ಟು ಹೆಜ್ಜೆ ಅನ್ನುವುದಕ್ಕೆ ಈಗ ಬೆಲೆ ಇದೆ. ಒಂದೂವರೆ ಕಿಲೋಮೀಟರ್ ಒಳಗಿದ್ದು ಆಟೋಗೆ ದಿನಾ ಕೊಡುವುದಾದರೆ ಟಿಕೆಟ್ ಉಳಿದು ಏನು ಬಂತು?

ಯಾರೋ ಚೀಟಿ ಕಳಿಸಿದ್ದಾರೆ, ‘ಹೊಸೂರು ಹೇಗೆ?’ ಅಂತ. ಒಳ್ಳೆಯ ಪ್ರಶ್ನೆ. ಹೊಸೂರಿನಲ್ಲಿ ಕನ್ನಡ ಮಾತಾಡುವವರು ಹಿಂದಿನಿಂದಲೂ ಇದ್ದಾರೆ, ಅಂಗಡಿಯಲ್ಲಿ ನಿಮಗೇನೂ ತೊಡಕಾಗುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೆ ಗಡಿ ದಾಟಿದಿರಿ ಅನ್ನುವುದು ನೆನಪಿರಲಿ. ತಮಿಳುನಾಡಿನಲ್ಲಿ 2006ರ ಕಾನೂನಿನ ಪ್ರಕಾರ ಶಾಲೆಯಲ್ಲಿ ತಮಿಳು ಕಲಿಯುವುದು ಕಡ್ಡಾಯ. ಚಿಕ್ಕ ಮಗುವಾದರೆ ಇನ್ನೊಂದು ಭಾಷೆ ಬಂತು, ಲಾಭವೇ. ಎಂಟನೇ ಕ್ಲಾಸಿನ ಹುಡುಗನನ್ನು ಎತ್ತಿ ಹಾಕಿದರೆ ಕಷ್ಟ. ಆಧಾರ್ ವಿಳಾಸ ಬದಲಾದರೆ ಶಕ್ತಿ ಟಿಕೆಟ್ ಇಲ್ಲ. ಕೆಎ ನಂಬರಿನ ಗಾಡಿ ಹನ್ನೆರಡು ತಿಂಗಳ ಮೇಲೆ ಅಲ್ಲೇ ಇದ್ದರೆ ಮರುನೋಂದಣಿ ಆಗಬೇಕು. ಇಷ್ಟಕ್ಕೆ ಒಪ್ಪಿಗೆಯಿದ್ದರೆ ಹೊಸೂರು ಕೆಟ್ಟದ್ದಲ್ಲ.

ಶಾಲೆ. ಎಲ್ಲರೂ ಎಲ್‌ಕೆಜಿ ಹುಡುಕುತ್ತಾರೆ. ಎಲ್‌ಕೆಜಿ ಯಾವ ಮೂಲೆಯಲ್ಲೂ ಸಿಗುತ್ತದೆ, ಎರಡು ರೂಮು, ಗೋಡೆಯ ಮೇಲೆ ಮಿಕ್ಕಿ ಮೌಸ್ ಇದ್ದರೆ ಶಾಲೆ ಆಯಿತು. ನೀವು ಹುಡುಕಬೇಕಾದ್ದು ಒಂಬತ್ತನೇ ಕ್ಲಾಸನ್ನು, ಪಿಯು ಕಾಲೇಜನ್ನು. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ಒಂದು ಕಿಲೋಮೀಟರಿನೊಳಗೆ, ಎಂಟರವರೆಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು ಅನ್ನುತ್ತದೆ. ಎಂಟು ಮುಗಿದರೆ ಆ ಕಾಯ್ದೆಯ ಹಂಗೂ ಮುಗಿಯಿತು. ಬೆಳಗ್ಗೆ ಎಂಟು ಗಂಟೆಗೆ ಹದಿನಾಲ್ಕು ವರ್ಷದ ಹುಡುಗಿ ಒಬ್ಬಳೇ ಹತ್ತಬಲ್ಲ ಬಸ್ಸು ಆ ಊರಿನಿಂದ ಇದೆಯಾ? ಅದನ್ನು ಮಂಗಳವಾರವೋ ಬುಧವಾರವೋ ಹೋಗಿ ನಿಲ್ದಾಣದಲ್ಲಿ ನಿಂತು ನೋಡಬೇಕು. ಆ ಹೊತ್ತಿನಲ್ಲಿ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿರುವವರು ಯಾರು ಅಂತ ನೋಡಿ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರವಿದ್ದರೆ ಅದು ಭಾಗ್ಯ. ನಾನು ಈಜುಕೊಳ ಇರುವ ಅಪಾರ್ಟ್‌ಮೆಂಟ್‌ಗಿಂತ ಅದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕಿನ ಉಚಿತ ಸೀಟು, ಸಿಗುತ್ತೆ ಅಂತ ಲೆಕ್ಕ ಹಾಕಿಕೊಂಡಿದ್ದರೆ ಬಿಟ್ಟುಬಿಡಿ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ 2019ರಿಂದ ನಮ್ಮ ರಾಜ್ಯದಲ್ಲಿ ಆ ಸೀಟು ಇಲ್ಲ.

ನೀರಿನ ವಿಷಯದಲ್ಲಿ ಮಾಲೀಕನನ್ನು ಕೇಳಬೇಡಿ. ‘ಬೋರ್ ಇದೆ ಸಾರ್, ಬೇಕಾದಷ್ಟು ನೀರು’ ಅನ್ನುತ್ತಾನೆ. ಅದೇ ಬೀದಿಯಲ್ಲಿ ಯಾವುದಾದರೂ ಮನೆಯ ಬಾಗಿಲು ತಟ್ಟಿ, ‘ಅಮ್ಮಾ, ಕುಡಿಯೋಕೆ ಒಂದ್ ಲೋಟ ನೀರು ಕೊಡ್ತೀರಾ?’ ಅನ್ನಿ. ಕ್ಯಾನಿನಿಂದ ಬಗ್ಗಿಸಿ ಕೊಡುತ್ತಾರೋ, ಫಿಲ್ಟರಿನಿಂದಲೋ, ನಲ್ಲಿಯಿಂದಲೋ ನೋಡಿ. ಕೈಕಾಲು ತೊಳೆಯುವ ಹೊರಗಿನ ನಲ್ಲಿಯ ಮೂತಿ ನೋಡಿ, ಬಿಳಿ ಹೊಪ್ಪಳೆ ಕಟ್ಟಿದ್ದರೆ ನೀರು ಗಡಸು. ನಮ್ಮ ಮನೆಯ ಗೀಸರಿನ ಕಾಯಿಲ್ ಬಿಚ್ಚಿದಾಗ ಸುಣ್ಣದ ಕಲ್ಲಿನ ಕೊಳವೆಯೇ ಈಚೆ ಬಂದಿತ್ತು, ಎರಡು ವರ್ಷಕ್ಕೊಂದು ಕಾಯಿಲ್. ಮಾತಿಗೆ ಸಿಕ್ಕರೆ 2024ರ ಬೇಸಿಗೆಯಲ್ಲಿ ಏನು ಮಾಡಿದಿರಿ ಅಂತ ಕೇಳಿ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು, ಐದು ಕಿಲೋಮೀಟರಿನೊಳಗೆ ಆರು ಸಾವಿರ ಲೀಟರಿಗೆ 600 ರೂಪಾಯಿ. ತಲೆಗೆ ದಿನಕ್ಕೆ 135 ಲೀಟರ್ ಅಂತ ನಾಲ್ಕು ಜನಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ ಹದಿನಾರು ಸಾವಿರ ಲೀಟರು, ಮೂರು ಟ್ಯಾಂಕರು. ಕಟ್ಟಿದ ದರಕ್ಕೆ ಸಿಕ್ಕಿತೋ ಇಲ್ಲವೋ ಅನ್ನುವುದನ್ನು ಆ ಅಮ್ಮನೇ ಹೇಳುತ್ತಾರೆ, ನಾನು ಹೇಳಬೇಕಿಲ್ಲ.

ಕೈಗಾರಿಕಾ ಪ್ರದೇಶದ ಪಕ್ಕ ಅಥವಾ ಕೆರೆಯ ಪಕ್ಕ ನೋಡುತ್ತಿದ್ದರೆ ರಾತ್ರಿ ಹತ್ತು ಗಂಟೆಗೆ ಒಮ್ಮೆ ಹೋಗಿ, ಮೂಗಿಗಾಗಿ. ‘ಲೇಕ್ ವ್ಯೂ’ ಅನ್ನುವ ಮಾತಿಗೆ ಮರುಳಾಗಬೇಡಿ. ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ವೃಷಭಾವತಿ ಏನು ತಂದು ಸುರಿಯುತ್ತದೆ ಅಂತ ಅಲ್ಲಿಯ ರೈತರನ್ನು ಕೇಳಿ.

ಕಾಗದಪತ್ರದ ಬಗ್ಗೆ ನನ್ನಿಂದ ಬಹಳ ನಿರೀಕ್ಷೆ ಇಟ್ಟುಕೊಂಡು ಬಂದಿರುತ್ತೀರಿ, ಅದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ವಕೀಲರಿದ್ದಾರೆ. ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಅಂದರೆ ಅನುಮೋದನೆಯ ತಕರಾರು ಇದೆ ಅಂತ ತಿಳಿಯಿರಿ, ಬೆಲೆ ಕಡಿಮೆ ಇರುವುದಕ್ಕೂ ಅದೇ ಕಾರಣ. ಜಮೀನು ಪರಿಶಿಷ್ಟರಿಗೆ ಮಂಜೂರಾಗಿದ್ದೇ ಅನ್ನುವುದನ್ನು ಮೂಲದಿಂದ ನೋಡಿಸಿ, ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ ‘ಹಳೇ ಮಾತು, ಕಾಲ ಮೀರಿದೆ’ ಅನ್ನುವ ಸಮಾಧಾನ ಇಲ್ಲ. ಮನೆ ಎಂಟನ್ನೂ ಜಾಗ 500 ಚದರ ಮೀಟರನ್ನೂ ಮೀರಿದ ಯೋಜನೆಯಾದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ನೋಂದಣಿ ನಂಬರ್ ಇರಲೇಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ, 60 ಲಕ್ಷದ ಮನೆಗೆ 60 ಸಾವಿರ ಹೆಚ್ಚಾಯಿತು, ಅದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಬ್ಯಾಂಕಿನವನಾಗಿ ಹೇಳುತ್ತೇನೆ, ‘ಬ್ಯಾಂಕೇ ಸಾಲ ಕೊಟ್ಟಿದೆ, ಎಲ್ಲ ಸರಿ ಇದೆ’ ಅನ್ನಬೇಡಿ. ಬ್ಯಾಂಕು ನೋಡುವುದು ತನ್ನ ಸಾಲ ವಾಪಸ್ ಬರುತ್ತದೆಯೇ ಅಂತ. ನಿಮ್ಮ ಬೀದಿಯಲ್ಲಿ ದೀಪ ಇದೆಯೇ ಅಂತ ನಾನು ಒಂಬತ್ತು ವರ್ಷದಲ್ಲಿ ಒಂದು ಕಡತದಲ್ಲೂ ಬರೆದಿಲ್ಲ, ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು? ಮನಸ್ಸಿಗೆ ಬಂದ ಊರಿನಲ್ಲಿ ಮೊದಲು ಹನ್ನೊಂದು ತಿಂಗಳು ಬಾಡಿಗೆಗೆ ಇರಿ. ‘ಬಾಡಿಗೆ ಅಂದ್ರೆ ನೀರಲ್ಲಿ ಹೋಮ’ ಅಂತ ಮಾವನೋ ಅಣ್ಣನೋ ಹೇಳುತ್ತಾರೆ. ಅವರ ಮಾತು ಕೇಳಿಯೇ ನಾನು ಸೈಟು ಕೊಂಡಿದ್ದು. ಒಂದು ಮಳೆಗಾಲ ಕಳೆದರೆ ರಾಜಕಾಲುವೆ ಎಲ್ಲಿದೆ ಅಂತ ತಾನಾಗಿ ತಿಳಿಯುತ್ತದೆ. ಒಂದು ಬೇಸಿಗೆ ಕಳೆದರೆ ಬೋರಿನ ಬಣ್ಣ ಬಯಲಾಗುತ್ತದೆ. ಮಗುವಿಗೆ ಒಂದು ರಾತ್ರಿ ಜ್ವರ ಬಂದರೆ ಆಸ್ಪತ್ರೆ ಎಷ್ಟು ದೂರ ಅಂತ ಗೊತ್ತಾಗುತ್ತದೆ.

ಆ ಪೀಣ್ಯದ ದಂಪತಿ ಹಾಗೇ ಮಾಡಿದ್ದಾರೆ. ಮಾದಾವರ ಮೆಟ್ರೋ ಕಡೆ, 2024ರ ನವೆಂಬರ್‌ನಲ್ಲಿ ಅಲ್ಲಿಯವರೆಗೆ ರೈಲು ಬಂತಲ್ಲ, ಅಲ್ಲೊಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಅಜ್ಜಿ ದಾಸರಹಳ್ಳಿಯಿಂದ ಮೆಟ್ರೋದಲ್ಲೇ ಬಂದು ಮಗುವನ್ನು ಶಾಲೆಯಿಂದ ಕರೆತರುತ್ತಾರೆ. ಮನೆಯ ಮಾಲೀಕರು ಅದೇ ಮನೆಯನ್ನು ಕೊಳ್ಳುತ್ತೀರಾ ಅಂತ ಕೇಳಿದರಂತೆ. ಗಂಡನಿಗೆ ಮನಸ್ಸಿದೆ, ಮುಂಗಡ ಕೊಟ್ಟುಬಿಡೋಣ ಅಂತ ಅವಸರ. ಹೋದ ವಾರ ಅವರಾಕೆ ಫೋನ್ ಮಾಡಿದ್ದರು. ‘ಈಗ ಫೆಬ್ರವರಿ ಸರ್, ನೀರು ಚೆನ್ನಾಗೇ ಬರ್ತಿದೆ. ಏಪ್ರಿಲ್ ಕಳೀಲಿ ಅಂದಿದ್ದೀನಿ.’